ಬಟ್ಟೆ ಕಟ್ಟಿದ ಗಂಟೆ

ನಮ್ಮ ಹಿತ್ತಲಿಗೆ ಬಂದವರು ಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅಲ್ಲಿ ನಾತವೇನೂ ಇರಲಿಲ್ಲ. ಫಿನಾಯಿಲ್ ವಾಸನೆ ಇತ್ತು. ಪಕ್ಕದಲ್ಲೇ ಎಮ್ಮೆ ಕಟ್ಟುತ್ತಿದ್ದುದರಿಂದ ಗಂಜಲದ ವಾಸನೆ ಸ್ವಲ್ಪ ಇತ್ತು. ಬೇಸಿಗೆಯಲ್ಲಾದರೆ ಅವ್ವ ಒಣಗಲು ಹರಡಿದ ಸಂಡಿಗೆಯಿಂದ ಜೀರಿಗೆ, ಹಸಿಮೆಣಸಿನಕಾಯಿಯ ಘಮ ಬರುತ್ತಿತ್ತು. ಇಷ್ಟೇ. ಆದರೂ ಬಂದವರ ಸೆರಗು, ಟವೆಲ್ಲು ತಾನಾಗಿ ಮೂಗಿಗೆ ಹೋಗುತ್ತಿತ್ತು. ಕಣ್ಣಿಗೆ ಕಂಡದ್ದಕ್ಕೆ ಮೂಗು ಮುಚ್ಚಿಕೊಳ್ಳುವ ಜನ. ಅಲ್ಲಿ ನಿಂತಿದ್ದದ್ದು ಒಂದು ಬಿಳಿ ಆಂಬುಲೆನ್ಸ್, ಒಂದು ಕಪ್ಪು ಶವದ ವ್ಯಾನು, ನಾಲ್ಕೂ ಕಡೆ ಗಾಜು ಕೂರಿಸಿದ ಒಂದು ತಳ್ಳುವ ಶವದ ಗಾಡಿ. ಮೂರೂ ಹಳೆಯವು, ಎಲ್ಲಿಂದಲೋ ಕೆಲಸ ಮುಗಿಸಿ ಮೂಲೆಗೆ ಬಿದ್ದವು. ಅಪ್ಪ ಅವನ್ನು ತಂದು, ತೊಳೆದು, ಬಣ್ಣ ಬಳಿದು ಇಟ್ಟುಕೊಂಡಿದ್ದ. ಹಳೇ ರೇಡಿಯೋ ಕೂಡಿಡುವವರನ್ನು ಊರು ರಸಿಕ ಅನ್ನುತ್ತದೆ. ಹಳೇ ನಾಣ್ಯ, ಹಳೇ ಬೈಕು ಕೂಡಿಡುವವರದು ಹವ್ಯಾಸ ಅನ್ನುತ್ತದೆ. ನನ್ನ ಅಪ್ಪನಿಗೆ ಮಾತ್ರ ತಲೆ ಕೆಟ್ಟಿದೆ ಅಂದಿತು.

ಹೋದ ತಿಂಗಳು ಅಪ್ಪ ತೀರಿಕೊಂಡ. ಹನ್ನೊಂದನೇ ದಿನದ ತಿಥಿಯಲ್ಲಿ, ಜನ ಎಲೆ ಬಿಟ್ಟು ಏಳುವ ಮೊದಲೇ, ಈ ಗಾಡಿಗಳ ಬಗ್ಗೆ ಒಂದು ಮಾತು ಬಂತು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅಪ್ಪನ ಮೇಲೆ ಹೊರಿಸಿದ್ದ ಮಾತು ಅದು. ಅದಕ್ಕೆ ನಾನು ಕೊಟ್ಟ ಉತ್ತರ ಸರಿಯೋ ತಪ್ಪೋ ಅಂತ ಊರಲ್ಲಿ ಇನ್ನೂ ಪಂಚಾಯಿತಿ ನಡೆಯುತ್ತಿದೆಯಂತೆ. ನಡೆಸುವವರು ಮೊದಲು ಆ ಹಿತ್ತಲಲ್ಲಿ ಏನೇನಿತ್ತು, ಅವತ್ತು ಏನಾಯಿತು ಅಂತ ತಿಳಿದುಕೊಳ್ಳಲಿ. ನಾನು ಹೆಚ್ಚು ಮಾತಾಡುವವಳಲ್ಲ. ಬರೆದರೆ ಯಾರೂ ನಡುವೆ ಬಾಯಿ ಹಾಕುವುದಿಲ್ಲ.

ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಊರು. ತಾತನ ಕಾಲದ ತೊಟ್ಟಿ ಮನೆ. ಅಪ್ಪ, ದೊಡ್ಡಪ್ಪ ಭಾಗವಾದಾಗ ತೊಟ್ಟಿಯ ನಡುವೆ ಇಟ್ಟಿಗೆ ಗೋಡೆ ಎದ್ದಿತು. ಆಚೆ ದೊಡ್ಡಪ್ಪನ ಸಂಸಾರ, ಈಚೆ ನಮ್ಮದು. ಒಂದೇ ಹೆಂಚಿನ ಸೂರು, ಎರಡು ಒಲೆ. ಆಚೆಯವರ ಒಗ್ಗರಣೆ ಸಿಡಿದರೆ ಈಚೆ ನಮಗೆ ಸೀನು. ಭಾಗದಲ್ಲಿ ದೊಡ್ಡಪ್ಪ ದೊಡ್ಡ ತಾಮ್ರದ ಹಂಡೆ ತಗೊಂಡ, ಅಪ್ಪ ಅಜ್ಜಿಯನ್ನು ತಗೊಂಡ ಅಂತ ಅವ್ವ ಹೇಳುತ್ತಿದ್ದಳು. ಅಜ್ಜಿ ಅವರಿಬ್ಬರ ತಾಯಿ. ಹಿತ್ತಲೂ ನಮ್ಮ ಪಾಲಿಗೆ ಬಂತು, ಯಾಕೆಂದರೆ ಆಗ ಅದು ಬರೀ ಮುಳ್ಳು, ಕಲ್ಲು. ಮುಂದೆ ಊರಿಗೆ ಟಾರು ರಸ್ತೆ ಬಂದಾಗ ಅದು ಸರಿಯಾಗಿ ನಮ್ಮ ಹಿತ್ತಲ ಪಕ್ಕಕ್ಕೇ ಬಂತು. ಮನೆಯ ಹಿಂದು ಊರಿಗೆ ಮುಂದಾಯಿತು. ಬಸ್ಸಿಳಿದವರಿಗೆ ಮೊದಲು ಕಾಣುತ್ತಿದ್ದದ್ದು ಅಪ್ಪನ ಗಾಡಿಗಳು. ದೊಡ್ಡಪ್ಪನಿಗೆ ಇದೇ ದೊಡ್ಡ ಹೊಟ್ಟೆನೋವು.

ಅಪ್ಪ ಸರ್ಕಾರಿ ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಡ್ರೈವರ್. ಬಿಳಿ ವ್ಯಾನು ಅವನೇ ಹನ್ನೆರಡು ವರ್ಷ ಓಡಿಸಿದ್ದು. ಉದ್ದ ಮೂತಿ, ಹಿಂದೆ ಎರಡು ಬಾಗಿಲು, ಅರ್ಧಕ್ಕೆ ನೀಲಿ ಬಣ್ಣ ಬಳಿದ ಕಿಟಕಿ ಗಾಜು. ಈಗಿನ ಹಾಗೆ ಅರಚುವ ಸೈರನ್ ಅದಕ್ಕಿರಲಿಲ್ಲ. ಮುಂದೆ, ಡ್ರೈವರ್ ತಲೆಯ ಮೇಲೆ, ಹೊರಗಡೆ ಒಂದು ಹಿತ್ತಾಳೆ ಗಂಟೆ. ಅದರ ನಾಲಿಗೆಗೆ ಕಟ್ಟಿದ ಹಗ್ಗ ಒಳಗೆ ಸೀಟಿನ ಪಕ್ಕ ಇಳಿಬಿದ್ದಿರುತ್ತಿತ್ತು. ಗಾಡಿಯನ್ನು ಕೆಲಸಕ್ಕೆ ಬಾರದ್ದು ಅಂತ ಬರೆದು ಹರಾಜಿಗೆ ಹಾಕಿದಾಗ ಗುಜರಿಯವರು ಸುತ್ತ ನಿಂತಿದ್ದರು, ತಗಡನ್ನು ಬೆರಳಲ್ಲಿ ತಟ್ಟಿ ನೋಡುತ್ತಿದ್ದರು. ಅಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಅವರಿಗಿಂತ ಮೇಲೆ ಕೂಗಿ ಮನೆಗೆ ಓಡಿಸಿಕೊಂಡು ಬಂದ. ಅವ್ವ ಬಾಗಿಲಲ್ಲಿ ಕೈ ಸೊಂಟಕ್ಕಿಟ್ಟು ನಿಂತಿದ್ದಳು.

“ಇದ್ಯಾಕೆ ತಂದೆ?”

“ಇದ್ರೊಳ್ಗೆ ಒಂಬತ್ತು ಕೂಸು ಉಟ್ಟವೆ ಕಣೆ. ಅದ ಎಂಗ್ ಕೊಯ್ಯಕ್ ಬುಡ್ಲಿ?”

ಅವ್ವ ಆಗ ಸುಮ್ಮನಾದಳು. ಮುಂದಿನ ವರ್ಷ ಮೈಸೂರಿನ ಕಡೆಯಿಂದ ಕಪ್ಪು ಶವದ ವ್ಯಾನು ಬಂದಾಗ ಸುಮ್ಮನಾಗಲಿಲ್ಲ. ಅದರ ಇಂಜಿನ್ ಸತ್ತಿತ್ತು, ಟ್ರ್ಯಾಕ್ಟರಿಗೆ ಸರಪಳಿ ಹಾಕಿ ಎಳೆದು ತಂದಿದ್ದರು. “ಬ್ಯಾರೆ ಗಂಡಸ್ರು ಎಂಡ್ರಿಗೆ ಸೀರೆ ತತ್ತಾರೆ, ನೀನು ಎಣದ್ ಗಾಡಿ ತತ್ತೀಯೆ” ಅಂತ ಮುದ್ದೆಯ ತಟ್ಟೆಯನ್ನು ಕುಕ್ಕಿ ಇಟ್ಟವಳು ಎಂಟು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ಒಂಬತ್ತನೇ ದಿನ ಆ ವ್ಯಾನಿನ ನೆರಳಲ್ಲಿ ಕೂತು ಅವರೆಕಾಯಿ ಸುಲಿಯುವುದಕ್ಕೆ ಶುರು ಮಾಡಿದಳು. ಹಿತ್ತಲಲ್ಲಿ ಬೇರೆ ನೆರಳಿರಲಿಲ್ಲ.

ಗಾಜಿನ ಗಾಡಿ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಬಾಗಿಲು ಹಾಕಿದ ಒಂದು ಪಾದ್ರಿಗಳ ಆಸ್ಪತ್ರೆಯ ಕೊಟ್ಟಿಗೆಯಲ್ಲಿ ಕೋಳಿ ಮೊಟ್ಟೆಯಿಡುತ್ತಿದ್ದ ಗಾಡಿ ಅದು. ತೇಗದ ಕಂಬ, ಗಾಜಿನ ಮೇಲೆ ಕೊರೆದ ಹೂಬಳ್ಳಿ, ಸದ್ದಾಗದ ಹಾಗೆ ಚಕ್ರಕ್ಕೆಲ್ಲ ರಬ್ಬರು. ಇಂಥವನ್ನು ಯಾಕೆ ಕೂಡಿಡುತ್ತೀಯ ಅಂತ ನಾನು ಅಪ್ಪನನ್ನು ಕೇಳಿದ್ದು ಆಗಲೇ. ಅವನು ಬಾಯಲ್ಲಿ ಉತ್ತರ ಹೇಳುವ ಬದಲು ನನ್ನನ್ನು ಗಾಡಿಯ ಕೆಳಗೆ ಬಗ್ಗಿಸಿ ತೋರಿಸಿದ. ಒಂದರ ಮೇಲೊಂದು ಜೋಡಿಸಿದ ತೆಳ್ಳನೆಯ ಉಕ್ಕಿನ ಪಟ್ಟಿಗಳು, ಎಣ್ಣೆ ಹಚ್ಚಿ ಹೊಳೆಯುತ್ತಿದ್ದವು.

“ನೋಡು ಮಗಾ, ಎಷ್ಟ್ ಮೆತ್ಗಿನ ಸ್ಪ್ರಿಂಗು. ಸತ್ತೋರ್ಗೆ ಕುಲ್ಕಾಟ ಗೊತ್ತಾದದಾ? ಗೊತ್ತಾಗಕಿಲ್ಲ. ಆದ್ರೂ ಆಕವ್ನೆ. ಯಾರೋ ಪುಣ್ಯಾತ್ಮ, ಗೊತ್ತಾಗ್ದೆ ಇರೋರ್ಗೂ ನೋವಾಗ್ಬಾರ್ದು ಅಂತ ಕುಂತ್ಕಂಡು ಮಾಡವ್ನೆ.”

ಅವನ ಮರುಳಿಗೆಲ್ಲ ಕಾರಣ ಇಷ್ಟೇ ಅಂತ ನನಗೆ ಈಗ ಅನಿಸುತ್ತದೆ. ಮದುವೆ ಕಾರು ಅಲಂಕಾರ ಮಾಡುವುದಕ್ಕೆ ನೂರು ಜನ ಇದ್ದಾರೆ. ಸಂಕಟದ ಗಾಡಿಯನ್ನು ಯಾರೋ ಅಷ್ಟೇ ಅಕ್ಕರೆಯಿಂದ ಮಾಡಿದ್ದರು, ಅದನ್ನು ಗುರುತಿಸುವವರು ಯಾರೂ ಇರಲಿಲ್ಲ. ಅಪ್ಪ ಗುರುತಿಸಿದ. ಗಾಡಿ ತಂದ ದಿನ ಮೊದಲು ಕೀಲುಗಳಿಗೆ ಎಣ್ಣೆ ಬಿಡುತ್ತಿದ್ದ, ಆಮೇಲೆ ಬಣ್ಣ. “ಬಣ್ಣ ನೋಡೋರ್ಗೆ, ಎಣ್ಣೆ ಮಲ್ಗಿರೋರ್ಗೆ” ಅನ್ನುತ್ತಿದ್ದ. ಗಂಟೆಯ ವಿಷಯದಲ್ಲಿ ಮಾತ್ರ ಅವನು ಬಲು ಬಿಗಿ. ಆಟಕ್ಕೆ ಹಗ್ಗ ಮುಟ್ಟಿದರೆ ಬೆನ್ನಿಗೆ ಬೀಳುತ್ತಿತ್ತು. ಹೆಣ ಒಯ್ಯುವಾಗಲೂ ಅದನ್ನು ಬಾರಿಸುತ್ತಿರಲಿಲ್ಲ.

“ಸತ್ತೋರ್ಗೆ ಅವಸ್ರ ಇಲ್ಲ ಮಗಾ. ದಾರಿ ಬುಡಿ ಅಂತ ಕೇಳಾದು ಉಸ್ರಿರೋರ್ಗೆ.”

ನಾನು ಓದಿದ್ದೆಲ್ಲ ಆ ಬಿಳಿ ವ್ಯಾನಿನೊಳಗೆ. ಮನೆಯೊಳಗೆ ಹೊಗೆ, ಹೊರಗೆ ಸೊಳ್ಳೆ, ವ್ಯಾನಿನ ಬಾಗಿಲು ಎಳೆದುಕೊಂಡರೆ ನೆಮ್ಮದಿ. ರೋಗಿಯ ಕಡೆಯವರು ಕೂರಲು ಮಾಡಿದ್ದ ಬೆಂಚಿನ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ದೊಡ್ಡಪ್ಪನ ಮಗಳು ಜಯಕ್ಕ. ನನಗಿಂತ ಏಳು ವರ್ಷ ದೊಡ್ಡವಳು. ಅವಳ ಮನೆ ಗೋಡೆಯಾಚೆ ಅಂತ ಹೆಸರಿಗೆ ಮಾತ್ರ, ಊಟ ನಿದ್ದೆ ಎಲ್ಲ ನಮ್ಮಲ್ಲೇ. ಅಪ್ಪ ಮದ್ದೂರಿನಿಂದ ಬರುವಾಗ ಬಳೆ ತಂದರೆ ಮೊದಲು ಅವಳ ಕೈಗೆ, ಆಮೇಲೆ ನನ್ನ ಕೈಗೆ. ಗ್ಲೂಕೋಸ್ ಬಾಟಲಿ ನೇತುಹಾಕುವ ಕೊಕ್ಕೆಗೆ ನಾವು ಲಾಟೀನು ನೇತುಹಾಕುತ್ತಿದ್ದೆವು. ಮಧ್ಯಾಹ್ನ ಸ್ಟ್ರೆಚರ್ ಅಜ್ಜಿಯದು. ಅವಳಿಗೆ ಉಬ್ಬಸ. ಒಳಗಿನ ಒಲೆ ಹೊಗೆ ತಡೆಯದೆ ವ್ಯಾನಿನ ಎರಡೂ ಬಾಗಿಲು ತೆರೆದು ಗಾಳಿಗೆ ಮಲಗುತ್ತಿದ್ದಳು. ಎಲೆಅಡಿಕೆ ಚೀಲ ತಲೆದಿಂಬಿನ ಕೆಳಗೆ. ರಸ್ತೆಯಲ್ಲಿ ಹೋಗುವವರು ಬೆಚ್ಚಿ ನೋಡಿದರೆ ಕೈಯೆತ್ತಿ ಕೂಗುತ್ತಿದ್ದಳು.

“ಇನ್ನೂ ಇವ್ನಿ ಕಣ್ರಲಾ, ಓಗಿ! ನಾ ಸತ್ರೆ ಗಾಜಿನ್ ಗಾಡೀಲಿ ಓಗಾಳು. ನಿಮ್ ಮಕ ಎಲ್ಲಾ ನೋಡ್ಕಂಡೇ ಓಗಾದು!”

ಅದೇ ಸ್ಟ್ರೆಚರನ್ನು ಬೇಸಿಗೆಯಲ್ಲಿ ತೊಳೆದು, ಬಿಳಿ ಪಂಚೆ ಹಾಸಿ ಅವ್ವ ಸಂಡಿಗೆ ಇಡುತ್ತಿದ್ದಳು. ಎದುರು ಮನೆಯಾಕೆ ನಮ್ಮ ಸಂಡಿಗೆಯನ್ನು ಕೈಯಿಂದ ಮುಟ್ಟದೆ, “ನಮ್ಮನೇಲಿ ಯಾರೂ ತಿನ್ನಾಕಿಲ್ಲ ಕಣವ್ವ” ಅಂತ ವಾಪಸ್ ಕೊಟ್ಟಳು. ಆರು ತಿಂಗಳಿಗೆ ಅವಳ ಸೊಸೆಗೆ ನೋವು ಬಂದಾಗ ಓಡಿ ಬಂದು ತಟ್ಟಿದ್ದು ನಮ್ಮದೇ ಮನೆಯ ಬಾಗಿಲು, ಸೊಸೆ ಮಲಗಿದ್ದು ಅದೇ ಸ್ಟ್ರೆಚರಿನ ಮೇಲೆ. ಕೂಸು ಸುಖವಾಗಿ ಹುಟ್ಟಿತು. ಎದುರು ಮನೆಯಾಕೆ ಗಾಡಿಯಿಂದ ಇಳಿದು, ನಮ್ಮ ಬಾವಿಯ ನೀರಿನಲ್ಲೇ ಕಾಲು ತೊಳೆದುಕೊಂಡು, ಮೈಲಿಗೆ ಕಳೆದುಕೊಂಡು ಮನೆಗೆ ಹೋದಳು. ಇದನ್ನು ನಾನು ಮರೆತಿಲ್ಲ. ಶಾಲೆಯಲ್ಲಿ ನನ್ನ ಹೆಸರು ‘ಎಣದ್ ಗಾಡಿ’. ಆಯುಧಪೂಜೆಯ ದಿನ ಅಯ್ಯನವರು ದೊಡ್ಡಪ್ಪನ ಪಂಪ್‌ಸೆಟ್ಟಿಗೆ, ಊರವರ ಟ್ರ್ಯಾಕ್ಟರಿಗೆ, ಸೈಕಲ್ಲಿಗೆಲ್ಲ ಮಂಗಳಾರತಿ ಮಾಡಿ ನಮ್ಮ ಹಿತ್ತಲ ಬೇಲಿಯವರೆಗೆ ಬಂದು ತಿರುಗಿಬಿಟ್ಟರು. ಅಪ್ಪ ಮಾವಿನ ತೋರಣ ಕಟ್ಟಿ ಕಾದಿದ್ದ. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೂದುಗುಂಬಳಕಾಯಿ ತಾನೇ ಎತ್ತಿ, ಮೂರು ಗಾಡಿಗೂ ನಿವಾಳಿಸಿ ನೆಲಕ್ಕೆ ಅಪ್ಪಳಿಸಿದಳು. “ಅವ್ರಿಗ್ ಬ್ಯಾಡ್ದಿದ್ರೆ ಬುಡ್ಲಿ. ನಂಗ್ ಬೇಕು” ಅಂದಳು. ಕುಂಕುಮ ಅವಳ ಪಾದದ ಮೇಲೆಲ್ಲ ಸಿಡಿದಿತ್ತು.

ಆ ವರ್ಷವೇ ಜಯಕ್ಕನಿಗೆ ಗಂಡು ಗೊತ್ತಾಯಿತು. ದುದ್ದದ ಕಡೆಯವರು. ಆಗ ಮದುವೆ ಮನೆ ಮುಂದಿನ ಚಪ್ಪರದಲ್ಲೇ. ಚಪ್ಪರ ಹಾಕುವ ಹಿಂದಿನ ದಿನ ದೊಡ್ಡಪ್ಪ ಗೋಡೆ ಬಳಸಿ ನಮ್ಮ ಕಡೆಗೆ ಬಂದ. ಅಪ್ಪ ಊಟಕ್ಕೆ ಕೂತಿದ್ದ, ನಾನು ಪಕ್ಕದಲ್ಲಿದ್ದೆ.

“ಲೇ ಸ್ವಾಮಿ, ಬೀಗ್ರು ಬರಾದು ಇದೇ ರಸ್ತೇಲಿ. ಊರ್ಗೆ ಕಾಲಿಡ್ತಿದ್ದಂಗೆ ಎಣದ್ ಗಾಡಿ ಮಕ ನೋಡ್ಬೇಕೇನ್ಲಾ ಅವ್ರು?”

“ತೆಂಗಿನ್ ಸೋಗೆ ಅಡ್ಡ ಕಟ್ಬುಡ್ತೀನಿ ಕಣಣ್ಣ. ಕಾಣಾಕಿಲ್ಲ.”

“ಕಟ್ಟಾದೂ ಬ್ಯಾಡ, ಮುಚ್ಚಾದೂ ಬ್ಯಾಡ. ಮೂರ್ನೂ ಊರಾಚ್ಗೆ ಒಯ್ದು ಮಡಗು.”

“ಬಿಳೀದೊಂದು ಇರ್ಲಿ ಬುಡಣ್ಣ. ಅವ್ವಂಗೆ ಉಬ್ಬಸ. ಮದ್ವೆ ಮನೆ ಒಗೆ ಬ್ಯಾರೆ.”

“ಬಿಳೀದೇ ಕಣ್ಲಾ ಎದ್ ಕಾಣಾದು, ಕೆಂಪ್ಗೆ ಪ್ಲಸ್ಸು ಬರಕಂಡು! ಎಲ್ಡ್ ದಿನ್ದಲ್ಲಿ ಅವ್ವಂಗೇನಾದದು?”

ಅವ್ವ ಅಡುಗೆ ಕೋಣೆಯಿಂದಲೇ ಕೂಗಿದಳು.

“ಬಾವಾ, ಓದ್ ತಿಂಗ್ಳು ತಾನೇ ಅತ್ತೆ ಉಸ್ರು ಕಟ್ಟಿ ಇದೇ ಗಾಡೀಲಿ ಆಸ್ಪತ್ರೆಗ್ ಒಯ್ದುದ್ದು? ಮರ್ತೇ ಬುಟ್ರಾ?”

“ನೀ ಒಲೆ ನೋಡ್ಕಳವ್ವ. ಇದು ಅಣ್ತಮ್ಮಂದ್ರ ಮಾತು.” ಆಮೇಲೆ ಅಪ್ಪನ ಕಡೆ ತಿರುಗಿ ದನಿ ತಗ್ಗಿಸಿದ. “ಜಯನ್ ಮದ್ವೆ ಕಣ್ಲಾ. ಈ ಸಂಬಂದ ಮುರುದ್ರೆ ನಿನ್ನಿಂದ್ಲೇ ಮುರುದಂಗೆ.”

ಜಯಕ್ಕನ ಹೆಸರು ಬಂದ ಮೇಲೆ ಅಪ್ಪ ಸೋತ. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಬಿಟ್ಟು ಕೈ ತೊಳೆದ. ಸಾಯಂಕಾಲದೊಳಗೆ ಮೂರೂ ಗಾಡಿ ಮೂರು ಮೈಲಿ ಆಚೆ, ವೈದ್ಯನಾಥಪುರದ ಕಡೆ ಅವನ ಗೆಳೆಯನ ಆಲೆಮನೆಗೆ ಹೋದವು. ಕಪ್ಪು ವ್ಯಾನು ಟ್ರ್ಯಾಕ್ಟರಿನ ಹಿಂದೆ, ಗಾಜಿನ ಗಾಡಿ ಟ್ರೇಲರಿನ ಮೇಲೆ. ಹಿಂಡಿ ಒಣಗಿಸಿದ ಕಬ್ಬಿನ ರಚ್ಚನ್ನು ಅವುಗಳ ಮೇಲೆ ರಾಶಿ ಸುರಿದು ಮುಚ್ಚಿದರು. ದಾರಿಯಲ್ಲಿ ಹೋಗುವ ನಾಯಿಗೂ ಅವು ಕಾಣಬಾರದು ಅಂತ ದೊಡ್ಡಪ್ಪನ ಅಪ್ಪಣೆ. ಅರಿಶಿನ ಹಚ್ಚಿಸಿಕೊಂಡು ಒಳಗೆ ಕೂತಿದ್ದ ಜಯಕ್ಕ ಇದೊಂದನ್ನೂ ನೋಡಲಿಲ್ಲ. ಹಿತ್ತಲು ಯಾಕೆ ಖಾಲಿ ಅಂತ ಅವಳು ಕೇಳಿದಾಗ, “ನಿಮ್ ಚಿಕ್ಕಪ್ಪ ಗಾಡಿನ ಬಾಡ್ಗೆಗ್ ಬುಟ್ಟವ್ನೆ” ಅಂತ ದೊಡ್ಡಪ್ಪ ಹೇಳಿದನಂತೆ. ಆ ಮಾತು ನನಗೆ ತಿಳಿದದ್ದು ಬಹಳ ವರ್ಷದ ಮೇಲೆ.

ಧಾರೆಯ ದಿನ ಬೆಳಿಗ್ಗೆ ಹಿತ್ತಲಲ್ಲಿ, ಗಾಡಿಗಳಿದ್ದ ಜಾಗದಲ್ಲೇ, ಐದು ಗುಂಡಿ ಒಲೆ ಹತ್ತಿಸಿದರು. ಜಾಗ ಖಾಲಿಯಾಗಿತ್ತಲ್ಲ. ಹಸಿ ಸೌದೆ. ಗಾಳಿ ಮನೆಯ ಕಡೆಗೇ ಇತ್ತು. ಜಯಕ್ಕನನ್ನು ಚಪ್ಪರಕ್ಕೆ ಕರೆತರುವ ಹೊತ್ತಿಗೆ ಒಳಕೋಣೆಯಲ್ಲಿ ಅಜ್ಜಿಗೆ ಉಸಿರು ಹಿಡಿಯಿತು. ಅವ್ವ ಅವಳನ್ನು ತೊಡೆಯ ಮೇಲೆ ಒರಗಿಸಿಕೊಂಡು ಬೀಸುತ್ತ ನನ್ನನ್ನು ಓಡಿಸಿದಳು. ಅಪ್ಪ ಒಂದು ಸಲ ಬಂದು ನೋಡಿದ. ನೇರ ಹೊರಗೆ ಹೋದ. ಚಪ್ಪರದ ಎದುರಿಗೇ ಬೀಗರು ಬಾಡಿಗೆಗೆ ಮಾಡಿಕೊಂಡು ಬಂದ ಬಸ್ಸು ನಿಂತಿತ್ತು. ಅಪ್ಪ ದೊಡ್ಡಪ್ಪನ ಕಿವಿಯ ಹತ್ತಿರ ಬಗ್ಗಿದ. ನಾನು ಅಪ್ಪನ ಅಂಗಿಯ ಚುಂಗು ಹಿಡಿದುಕೊಂಡೇ ಇದ್ದೆ.

“ಅಣ್ಣ, ಅವ್ವಂಗೆ ಜಾಸ್ತಿಯಾಗದೆ. ಬೀಗ್ರ ಬಸ್ಸು ಕೇಳಾಣ.”

“ತಾಳಿ ಬೀಳಗಂಟ ಯಾರೂ ಬಾಯ್ ಬುಡ್ಬ್ಯಾಡಿ. ಮೂರ್ತದೊತ್ನಲ್ಲಿ ಸಾವಿನ್ ಸುದ್ದಿ ಎತ್ತೀಯೇನ್ಲಾ?”

ಚಪ್ಪರದ ಕಂಬಕ್ಕೆ ಒರಗಿಸಿದ್ದ ಯಾರದೋ ಸೈಕಲ್ ಹತ್ತಿ ಅಪ್ಪ ಹೊರಟ. ರೇಷ್ಮೆ ಅಂಚಿನ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಬಗ್ಗಿ ತುಳಿಯುತ್ತ ಹೋದದ್ದು ನನಗೆ ಇನ್ನೂ ಕಾಣುತ್ತದೆ. ಮೂರು ಮೈಲಿ ಹೋಗಬೇಕು, ರಚ್ಚು ಎಳೆದು ಹಾಕಬೇಕು, ಹ್ಯಾಂಡಲ್ ಹಾಕಿ ತಿರುಗಿಸಿ ಇಂಜಿನ್ ಎಬ್ಬಿಸಬೇಕು, ಮೂರು ಮೈಲಿ ಬರಬೇಕು. ಗಾಡಿ ಹಿತ್ತಲಲ್ಲಿ ಇದ್ದಿದ್ದರೆ ಅಷ್ಟರಲ್ಲಿ ಅಜ್ಜಿ ಮದ್ದೂರಿನ ಆಸ್ಪತ್ರೆಯಲ್ಲಿ ಇರುತ್ತಿದ್ದಳು. ನಾನು ಹಿತ್ತಲ ಬೇಲಿಯ ಹತ್ತಿರ ನಿಂತೆ. ಗಟ್ಟಿಮೇಳ ಆಯಿತು, ಅಕ್ಕಿಕಾಳು ಹಾಕಿದರು. ಅದಾಗಿ ಸ್ವಲ್ಪ ಹೊತ್ತಿಗೆ ನಾಲೆ ಸೇತುವೆಯ ಕಡೆಯಿಂದ ಗಂಟೆ ಕೇಳಿಸಿತು. ಅಪ್ಪ ಎಂದೂ ಹಾಗೆ ಬಿಡದೆ ಬಾರಿಸಿದವನಲ್ಲ. ನಾನು ಒಳಗೆ ಓಡಿ “ಬಂತು ಅಜ್ಜೀ, ಗಾಡಿ ಬಂತು” ಅಂದೆ. ಅವ್ವ ಅಜ್ಜಿಯ ಕಣ್ಣು ಮುಚ್ಚುತ್ತಿದ್ದಳು.

ಹೊರಗೆ ಗಂಟೆ ಇನ್ನೂ ಬಾರಿಸುತ್ತಲೇ ಇತ್ತು. ಅಪ್ಪನಿಗೆ ಗೊತ್ತಿರಲಿಲ್ಲ.

ವಾಲಗ ನಿಂತಿತು. ಬೀಗರು ಎದ್ದು ನಿಂತರು. ಬಿಳಿ ವ್ಯಾನು, ಮೈಮೇಲೆಲ್ಲ ರಚ್ಚಿನ ನಾರು ಹೊತ್ತುಕೊಂಡು, ಚಪ್ಪರದ ಬಾಯಿಗೇ ಬಂದು ನಿಂತಿತು. ಅಪ್ಪ ಇಳಿದು, ಯಾರ ಮುಖವನ್ನೂ ನೋಡದೆ ಹಿಂದಿನ ಬಾಗಿಲು ತೆರೆದು ಸ್ಟ್ರೆಚರ್ ಎಳೆದ. ಅಷ್ಟರಲ್ಲಿ ಒಳಗಿನಿಂದ ಅವ್ವನ ಅಳು ಕೇಳಿತು. ದೊಡ್ಡಪ್ಪ ಇಡೀ ಚಪ್ಪರಕ್ಕೆ ಕೇಳುವ ಹಾಗೆ ಎದೆ ಬಡಿದುಕೊಂಡು ಕೂಗಿದ:

“ಈಗ್ ತಂದೇನ್ಲಾ ಪಾಪಿ! ಮೂರ್ ಮೂರ್ ಗಾಡಿ ಮಡೀಕಂಡಿದ್ದೆ, ಎತ್ತವ್ವಂಗೆ ಒಂದೂ ಒದಗ್ನಿಲ್ವಲ್ಲೋ!”

ಆ ಮಾತು ಅಲ್ಲಿಗೇ ಊರಿನ ಮಾತಾಯಿತು. ಬಾಸಿಂಗ ಕಟ್ಟಿಕೊಂಡ ಜಯಕ್ಕ ಅಪ್ಪನನ್ನು ನೋಡಿದ ನೋಟ ನಾನು ನೋಡಿದೆ. ಅಪ್ಪ ಸ್ಟ್ರೆಚರನ್ನು ಹಿಡಿದುಕೊಂಡು ಹಾಗೇ ನಿಂತಿದ್ದ. ಒಂದು ಮಾತು, ಕಳಿಸಿದವನು ನೀನೇ ಅಲ್ಲವಾ ಅನ್ನುವ ಒಂದೇ ಒಂದು ಮಾತು ಆಡಲಿಲ್ಲ. ಅಜ್ಜಿಯನ್ನು ಗಾಜಿನ ಗಾಡಿಯಲ್ಲಿ ಒಯ್ಯುವುದಕ್ಕೂ ದೊಡ್ಡಪ್ಪ ಬಿಡಲಿಲ್ಲ. ಮಾರನೆಯ ದಿನ ಅಪ್ಪ ವ್ಯಾನನ್ನು ತೊಳೆದ. ಅದರಲ್ಲಿ ಯಾರೂ ಹೋಗಿರಲಿಲ್ಲ, ಆದರೂ ತೊಳೆದ. ಆಮೇಲೆ ಅಜ್ಜಿಯ ಹಸಿರು ಸೀರೆಯಿಂದ ಒಂದು ಚೂರು ಹರಿದು, ಮುಂದಿನ ಮೆಟ್ಟಿಲು ಹತ್ತಿ, ಗಂಟೆಯ ನಾಲಿಗೆಗೆ ಸುತ್ತಿ ಬಿಗಿಯಾಗಿ ಕಟ್ಟಿದ.

ಅಜ್ಜಿಯ ತಿಥಿ ಮುಗಿದ ಮೇಲೆ ಒಂದು ಮಧ್ಯಾಹ್ನ ವ್ಯಾನಿನೊಳಗೆ ಅಪ್ಪನನ್ನು ಹಿಡಿದುಕೊಂಡೆ.

“ಕಳ್ಸಿದ್ದು ದೊಡ್ಡಪ್ಪ ಅಂತ ಯಾಕ್ ಯೋಳ್ನಿಲ್ಲ ನೀನು?”

“ಯೋಳಿದ್ರೆ ಅಜ್ಜಿ ಎದ್ ಬತ್ತದಾ?”

“ಎಲ್ರೂ ನಿನ್ನೇ ಬಯ್ತಾವ್ರೆ.”

“ಬೈಕಳ್ಳಿ. ಜಯನ್ ಕಿವಿಗ್ ಬಿದ್ರೆ, ತನ್ ಮದ್ವೆಗೋಸ್ಕರ ಅಜ್ಜಿ ಓಯ್ತು ಅಂತ ಆ ಮಗ ಬದ್ಕಿರಗಂಟ ಅಳ್ತದೆ. ನೀನೂ ಯೋಳ್ಬ್ಯಾಡ. ಆಣೆ ಆಕು.”

ಆಣೆ ಹಾಕಿದೆ. ಹನ್ನೊಂದು ವರ್ಷದವಳ ಹತ್ತಿರ ಆಣೆ ಹಾಕಿಸಿಕೊಂಡದ್ದಕ್ಕೆ ಅಪ್ಪನ ಮೇಲೂ ನನಗೆ ಸಿಟ್ಟಿದೆ. ಅವನು ಯಾರಿಗಾಗಿ ಬಾಯಿ ಮುಚ್ಚಿಕೊಂಡನೋ ಆ ಜಯಕ್ಕ ಮತ್ತೆ ನಮ್ಮ ಹೊಸಲು ತುಳಿಯಲಿಲ್ಲ. ಗೌರಿ ಹಬ್ಬಕ್ಕೆ ತವರಿಗೆ ಬರುತ್ತಿದ್ದಳು, ಗೋಡೆಯಾಚೆ ನಗುತ್ತಿದ್ದಳು, ಅವಳ ಮಕ್ಕಳು ಓಡಾಡುವ ಸದ್ದು ಕೇಳುತ್ತಿತ್ತು. ಅಪ್ಪ ಗೋಡೆಯ ಹತ್ತಿರ ಚಾಪೆ ಹಾಕಿಕೊಂಡು ಕೂರುತ್ತಿದ್ದ. ಏನು ಮಾಡುತ್ತಿದ್ದೀಯ ಅಂದರೆ, ತಂಪಾಗಿದೆ ಅನ್ನುತ್ತಿದ್ದ. ಮಣ್ಣಿನ ಗೋಡೆಯಾದರೂ ತಂಪಿದ್ದೀತು, ಅದು ಬಿಸಿಲು ಬೀಳುವ ಇಟ್ಟಿಗೆ ಗೋಡೆ.

ಗಾಡಿ ತರುವುದನ್ನು ಮಾತ್ರ ಅವನು ಬಿಡಲಿಲ್ಲ. ಒಂದೊಂದಾಗಿ ಇನ್ನೂ ನಾಲ್ಕು ಬಂದವು. ಅವ್ವ ಹೋದ ಮೇಲೆ, ನಾನು ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮೇಲೆ, ಅವುಗಳಿಗೆ ಎಣ್ಣೆ ಬಿಡುವ ಕೆಲಸ ನನಗೆ ಬಂತು. ಈಚೆಗೆ ಭಾನುವಾರ ಬೆಂಗಳೂರಿನಿಂದ ಕ್ಯಾಮೆರಾ ಹಿಡಿದವರು ಬಂದು ‘ವಿಂಟೇಜ್’ ಅಂತ ಸುತ್ತು ಬರತೊಡಗಿದರು. ಮೂಗು ಮುಚ್ಚಿಕೊಂಡವರ ಮೊಮ್ಮಕ್ಕಳು ಗಾಜಿನ ಗಾಡಿಗೆ ಒರಗಿ ಫೋಟೋ ತೆಗೆಸಿಕೊಂಡರು. ಅಪ್ಪ ಯಾರನ್ನೂ ಏನೂ ಅನ್ನದೆ ಎಲ್ಲರಿಗೂ ಕೆಳಗೆ ಬಗ್ಗಿಸಿ ಸ್ಪ್ರಿಂಗ್ ತೋರಿಸುತ್ತಿದ್ದ. ಹೋದ ತಿಂಗಳು ಅವನನ್ನು ಅದರಲ್ಲೇ ಮಲಗಿಸಿ ಒಯ್ದೆವು. ಆ ವಿಷಯದಲ್ಲಿ ನಾನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ತಿಥಿಯ ದಿನ ಅದೇ ಹಿತ್ತಲಲ್ಲಿ ಪಂಕ್ತಿ. ಎಡೆಗೆ ಅಪ್ಪನ ಇಷ್ಟದ ಮುದ್ದೆ, ಉಪ್ಸಾರು ಇಟ್ಟಿದ್ದೆ. ದೊಡ್ಡಪ್ಪನಿಗೆ ಈಗ ತೊಂಬತ್ತರ ಹತ್ತಿರ. ಕಣ್ಣು ಮಂಜು, ದನಿ ಮಾತ್ರ ಹಾಗೇ ಇದೆ. ಅವನ ಪಕ್ಕದಲ್ಲಿ ಜಯಕ್ಕ ಕೂತಿದ್ದಳು. ಸಾವಿನ ಮನೆಗೆ ಬರದಿದ್ದರೆ ಜನ ಆಡಿಕೊಳ್ಳುತ್ತಾರೆ ಅಂತ ಬಂದಿದ್ದಳು. ದೊಡ್ಡಪ್ಪ ಮಜ್ಜಿಗೆ ಸುರಿದು ಮುಗಿಸಿ, ಸಾಲು ಸಾಲಾಗಿ ನಿಂತ ಗಾಡಿಗಳ ಕಡೆಗೆ ಕೋಲು ಚಾಚಿದ.

“ಇನ್ನಾದ್ರೂ ಈ ದರಿದ್ರನೆಲ್ಲ ಗುಜರಿಗ್ ಆಕ್ರವ್ವ. ಏಳ್ ಗಾಡಿ! ಎತ್ತವ್ವ ಸಾಯ್ವಾಗ ಒಂದೂ ಒದಗ್ನಿಲ್ಲ.”

ಪಂಕ್ತಿಯಲ್ಲಿ ತಲೆಗಳು ಹೌದು ಹೌದು ಅಂದವು. ಜಯಕ್ಕನ ತಲೆಯೂ ಅಂದಿತು. ನಾನು ಸಾರಿನ ಬಕೆಟ್ಟು ಕೆಳಗಿಟ್ಟೆ.

“ಒದಗಕ್ಕೆ ಅವು ಇಲ್ಲಿರ್ನಿಲ್ಲ ದೊಡ್ಡಪ್ಪ. ಮೂರ್ನೂ ಊರಾಚ್ಗೆ ಒಯ್ಸ್ದೋನು ನೀನು. ಬಿಳೀದೊಂದು ಇರ್ಲಿ ಅಂತ ಅಪ್ಪ ಬೇಡ್ಕಂಡ್ತು. ಬ್ಯಾಡ ಅಂದೋನು ನೀನು. ಬೀಗ್ರ ಬಸ್ ಕೇಳಾಣ ಅಂತು. ಬಾಯ್ ಬುಡ್ಬ್ಯಾಡಿ ಅಂದೋನೂ ನೀನೇ. ನಾನು ಪಕ್ಕದಲ್ಲೇ ಇದ್ದೆ.”

ಎಲೆಯ ಮೇಲೆ ಕೈಯಾಡುವ ಸದ್ದು ನಿಂತಿತು. ದೊಡ್ಡಪ್ಪ ಕೋಲನ್ನು ತಡಕಿದ.

“ನಿಮ್ಮಪ್ಪ ಸ್ವಾಮಿನೇ ಯೋಳ್ದೆ ಓದುದ್ನ ನೀನ್ಯಾಕವ್ವ ಈಗ ಎತ್ತೀಯೆ?”

ಸುಳ್ಳು ಅನ್ನಲಿಲ್ಲ. ಅದು ಎಲ್ಲರಿಗೂ ಅರ್ಥವಾಯಿತು. ಜಯಕ್ಕ ಅವನ ಮುಖವನ್ನೇ ನೋಡುತ್ತಿದ್ದಳು.

“ಬಾಡ್ಗೆಗ್ ಬುಟ್ಟವ್ನೆ ಅಂದಿದ್ದಲ್ಲಪ್ಪ ನೀನು?”

ಜಯಕ್ಕ ಎಂಜಲು ಕೈಯಲ್ಲೇ ಎದ್ದು ಬಿಳಿ ವ್ಯಾನಿನ ಹಿಂದಿನ ಮೆಟ್ಟಿಲು ಹತ್ತಿದಳು. ಬೆಂಚಿನ ಆ ತುದಿಯಲ್ಲಿ, ಅವಳದೇ ತುದಿಯಲ್ಲಿ ಕೂತಳು. ನಾನು ಬಾಗಿಲ ಹತ್ತಿರ ನಿಂತೆ.

“ನಂಗ್ ಒಂದ್ ಮಾತು ಯೋಳ್ಬಾರ್ದಾಗಿತ್ತಾ?”

“ನೀನು ಅಳ್ತೀಯೆ ಅಂತ ಅಪ್ಪ ಆಣೆ ಆಕ್ಸಿತ್ತು ಕಣಕ್ಕ.”

“ಗಂಟೆ ಕೇಳ್ತು ಕಣೆ ನಂಗವತ್ತು. ಈಗ್ ಬತ್ತಾವ್ನೆ, ಎಷ್ಟ್ ಕೊಬ್ಬು ಅನ್ಕಂಡೆ. ಚಿಕ್ಕಪ್ಪನ್ನ ಅಂಗನ್ಕಂಡೆ…”

ಅಪ್ಪ ಜೀವಮಾನವಿಡೀ ತಪ್ಪಿಸಲು ನೋಡಿದ ಅಳು ಅಳತೊಡಗಿದಳು. ಅದಕ್ಕೆ ಕಾರಣ ನಾನು. ಆಣೆ ಮುರಿದವಳೂ ನಾನೇ. ಅದರ ಪಾಪ ಇದ್ದರೆ ನನಗಿರಲಿ.

ದೊಡ್ಡಪ್ಪ ಎದ್ದಿದ್ದ. ಮನೆಯ ಬಾಗಿಲ ಕಡೆಗೆ ಹೋಗಬೇಕು, ನಡುವೆ ಎಲೆ, ಕುರ್ಚಿ, ನಿಂತ ಜನ. “ದಾರಿ ಬುಡ್ರಪ್ಪ, ದಾರಿ ಬುಡ್ರಿ” ಅನ್ನುತ್ತಿದ್ದ. ಆ ದನಿ ಮೊದಲ ಸಲ ಸಣ್ಣಗೆ ಕೇಳಿಸಿತು. ಯಾರೂ ಅಲುಗಲಿಲ್ಲ, ಎಲ್ಲರೂ ಅವನನ್ನೇ ನೋಡುತ್ತಿದ್ದರು. ನಾನು ಬಾಳೆಲೆ ಕೊಯ್ದ ಚಾಕು ಹಿಡಿದು ವ್ಯಾನಿನ ಮುಂದಿನ ಮೆಟ್ಟಿಲ ಮೇಲೆ ಹತ್ತಿ ಕೈ ಚಾಚಿದೆ. ಅಜ್ಜಿಯ ಸೀರೆಯ ಚೂರು ಬಿಸಿಲಿಗೆ, ಮಳೆಗೆ ಬಣ್ಣ ಹೋಗಿ ಗಟ್ಟಿ ಹುರಿಯಾಗಿತ್ತು. ಕೊಯ್ದೆ. ಹಗ್ಗ ಹಿಡಿದು ಎಳೆದೆ.

ಜನ ಎರಡೂ ಕಡೆಗೆ ಸರಿದು ದಾರಿ ಬಿಟ್ಟರು. ದೊಡ್ಡಪ್ಪ ನಡು ದಾರಿಯಲ್ಲಿ ನಿಂತುಬಿಟ್ಟ, ತಿರುಗಿ ನೋಡಲಿಲ್ಲ. ಆ ಸದ್ದು ಅವನಿಗೆ ಗೊತ್ತಿತ್ತು. ಉಸಿರಿರುವವರಿಗೆ ದಾರಿ ಕೇಳುವ ಗಂಟೆ ಅದು, ಅಪ್ಪನ ನಿಯಮ ನಾನು ಮುರಿಯಲಿಲ್ಲ. ಆಮೇಲೆ ಅವನು ಕೋಲೂರುತ್ತ ನಡೆದ, ಒಂದೊಂದೇ ಹೆಜ್ಜೆ. ಅಪ್ಪ ಅವತ್ತು ನಾಲೆ ಸೇತುವೆಯಿಂದ ಚಪ್ಪರದವರೆಗೆ ಬಾರಿಸಿದಷ್ಟೂ ಹೊತ್ತು ನಾನು ಬಾರಿಸಿದೆ.